ಕೇರಿಗೆ ಬಂದ ಡಂಗುರ

ತಿಳವಳ್ಳಿಯ ದುರ್ಗೇಶನ ಮನೆಯಲ್ಲಿ ಆ ವರ್ಷ ಗೋವಿನಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಎರಡು ಹೊಸ ಸಂಗತಿಗಳು ಸುರುವಾದವು. ಒಂದು, ಮಗಳು ಮಧುಶ್ರೀಗೆ ಕಾಲೇಜಿನಲ್ಲಿ ಸಾರ್ವಜನಿಕ ಸಂಪರ್ಕ ಎಂಬ ಪಾಠ ಬಂದದ್ದು. ಇನ್ನೊಂದು, ಅಜ್ಜ ಮೈಲಾರಪ್ಪನಿಗೆ ಕೆಮ್ಮು ಬಂದದ್ದು.

ಕೆಮ್ಮು ಜೋರಿನದೇನಲ್ಲ. ಬೆಳಗ್ಗೆ ಹೆಂಡತಿ ಕರೆವ್ವ ರೊಟ್ಟಿ ಬಡಿಯಲು ಕೂತಳೆಂದರೆ ಮೈಲಾರಪ್ಪನೂ ಚಹಾದ ಬಟ್ಟಲು ಹಿಡಿದುಕೊಂಡು ಬಂದು ಒಲೆಯ ಪಕ್ಕದ ಮಣೆಯ ಮೇಲೆ ಕೂಡುತ್ತಿದ್ದ. ನಡುನಡುವೆ ಒಮ್ಮೆ "ಖ್ಹು" ಎನ್ನುತ್ತಿದ್ದ. ಅಷ್ಟೆ.

"ಮಾವಾ, ಒಲಿ ಹೊಗಿ ಕುಡೀಬ್ಯಾಡ್ರಿ. ಪಡಸಾಲ್ಯಾಗ ಕುಂದರ್ರಿ" ಎಂದು ಸೊಸೆ ಸುನಿತಾ ಗ್ಯಾಸಿನ ಮೇಲೆ ಪಲ್ಲೆಗೆ ಒಗ್ಗರಣೆ ಹಾಕುತ್ತ ದಿನಾ ಹೇಳುವಳು. ಅವಳಿಗೆ ಶಾಲೆಯ ಬಿಸಿಯೂಟದ ಅಡುಗೆ ಕೆಲಸ. ಒಂಬತ್ತೂವರೆಗೆ ಮನೆ ಬಿಡಬೇಕು.

"ಥಂಡಿ ಐತೆವಾ. ಇಲ್ಲೆ ಬೆಚ್ಚಗ ಐತಿ."

"ಥಂಡಿ ಅಲ್ಲ, ಏನಲ್ಲ. ಐವತ್ತು ವರ್ಷ ಆತು, ನಿಮ್ಮಜ್ಜಗ ಇನ್ನೂ ನಿಮ್ಮ ಆಯಿನ್ನ ಬಿಟ್ಟು ಕುಂದ್ರಾಕ ಆಗವಲ್ದು" ಎಂದು ಸುನಿತಾ ಮಗಳ ಕಡೆ ನೋಡಿ ನಗುವಳು.

"ಸಾಕು ನಿನ್ನ ಮಾತು. ಹಿಟ್ಟು ನೀಡು ಇಲ್ಲೆ" ಎಂದು ಕರೆವ್ವ ಕೈ ಚಾಚುವಳು. ಸುನಿತಾ ಹಿಟ್ಟಿನ ಡಬ್ಬಿಯನ್ನು ಅತ್ತೆಯ ಕೈಗೇ ಹಿಡಿಸುವಳು.

ಸುನಿತಾ ಮಾತಿನಲ್ಲಿ ಎಷ್ಟು ಚೇಷ್ಟೆ ಮಾಡಿದರೂ ಕೆಮ್ಮನ್ನು ಹಾಗೇ ಬಿಡುವವಳಲ್ಲ. ಹಿತ್ತಲಿನ ಆಡುಸೋಗೆ ಸೊಪ್ಪು, ಮೆಣಸು, ಶುಂಠಿ ಹಾಕಿ ಕುದಿಸಿದ ಕಷಾಯದ ಲೋಟವನ್ನು ಪ್ರತಿದಿನ ಮಾವನ ಮುಂದೆ ಹಿಡಿಯತೊಡಗಿದಳು. ಅದರ ವಾಸನೆಗೇ ಮಧುಶ್ರೀಯ ಮುಖ ಹಿಂಡುತ್ತಿತ್ತು. ಮೈಲಾರಪ್ಪ ಮಾತ್ರ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದು, "ಚಲೋ ಆಗೇತೆವಾ" ಎಂದು ಲೋಟ ತಿರುಗಿಸಿ ಕೊಡುತ್ತಿದ್ದ.

ಮಧುಶ್ರೀ ಹಾನಗಲ್ಲಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ಪತ್ರಿಕೋದ್ಯಮ ಓದುತ್ತಿದ್ದಳು. ಪಾಠ ಮಾಡುವ ಪರಮೇಶಪ್ಪ ಸರ್ ಎಲ್ಲರಿಗೂ ಆರು ವಾರದ ಕೆಲಸ ಕೊಟ್ಟಿದ್ದರು. ನಿಮ್ಮ ಊರಿಗೆ ಬೇಕಾದ ಒಂದು ಕೆಲಸ ಹಿಡಿಯಿರಿ, ಅದರ ಸುದ್ದಿಯನ್ನು ಜನಕ್ಕೆ ಮುಟ್ಟಿಸಿರಿ, ಜನ ಬರುವ ಹಾಗೆ ಮಾಡಿರಿ. ಗೆಳತಿ ಮಾಹೀರಾ ತನ್ನ ಸವಣೂರಿನ ಎಲೆತೋಟದವರ ಸಂಘವನ್ನು ಹಿಡಿದಳು. ಮಧುಶ್ರೀ ಶಿಗ್ಗಾವಿಯ ಒಂದು ಟ್ರಸ್ಟಿಗೆ ತಾನೇ ಫೋನು ಮಾಡಿ, ತಿಳವಳ್ಳಿಯಲ್ಲಿ ಕಣ್ಣಿನ ತಪಾಸಣೆ ನಡೆಸಬೇಕೆಂದು ಕೇಳಿಕೊಂಡಳು. ಅವರು ಒಪ್ಪಿದರು. ಒಂದು ಷರತ್ತು: ಶಿಬಿರ ಭಾನುವಾರ, ಅದರ ಹಿಂದಿನ ದಿನ ಶನಿವಾರದೊಳಗೆ ನೂರು ಜನರ ಹೆಸರು ಬರಬೇಕು. ಬರದಿದ್ದರೆ ಡಾಕ್ಟರ ಗಾಡಿ ಆ ದಿನ ತಡಸಕ್ಕೆ ಹೋಗುತ್ತದೆ. ಆಮೇಲೆ ಒಂದು ವರ್ಷ ಕೇಳುವ ಹಾಗಿಲ್ಲ.

"ನೂರೇನು, ಇನ್ನೂರು ಬರ್ತಾರ" ಎಂದಳು ಮಧುಶ್ರೀ.

ಮೊದಲ ವಾರ ನಲವತ್ತು ಪೋಸ್ಟರ್ ಬರೆದು ಬಸ್‌ ಸ್ಟ್ಯಾಂಡು, ಪಂಚಾಯ್ತಿ, ಹಾಲಿನ ಡೇರಿ, ಗುಡಿಯ ಕಟ್ಟೆ, ಎಲ್ಲ ಕಡೆ ಅಂಟಿಸಿದಳು. ಅಂಟು ಕುದಿಸಿಕೊಟ್ಟವಳು ಸುನಿತಾ. ಎರಡನೆಯ ವಾರ ಮುಗಿದಾಗ ಹನ್ನೊಂದು ಹೆಸರು ಬಂದಿದ್ದವು. ಅದರಲ್ಲಿ ನಾಲ್ಕು, ಮೊಬೈಲ್ ನೋಡಿ ಕಣ್ಣು ಉರಿಯುತ್ತದೆ ಎಂದ ಕಾಲೇಜಿನ ಹುಡುಗಿಯರವು.

ಆ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ಮಧುಶ್ರೀ ರೊಟ್ಟಿ ಮುರಿಯದೆ ಸುಮ್ಮನೆ ಕೂತದ್ದು ಕಂಡು ಅಜ್ಜ ಕೇಳಿದ.

"ಏನ್ ಬರದೀಯವಾ ಅದರಾಗ? ಓದು ನೋಡೂಣು."

"ಉಚಿತ ನೇತ್ರ ತಪಾಸಣಾ ಹಾಗೂ ಪೊರೆ ಶಸ್ತ್ರಚಿಕಿತ್ಸಾ ಶಿಬಿರ. ಸರ್ವರಿಗೂ ಸ್ವಾಗತ."

"ಇದು ಯಾರಿಗೆ ಹಾಕೀದಿ?"

"ಕಣ್ಣು ಮಂದ ಆದವರಿಗೆ."

"ಕಣ್ಣು ಕಾಣಲಾರದವರು ಓದ್ತಾರೇನು ಇದನ್ನ?"

ಮೊದಲು ದುರ್ಗೇಶನಿಗೆ ನಗು ಬಂತು. ಅವನು ಗೌಂಡಿ, ದಿನವಿಡೀ ಸಿಮೆಂಟು ಕಲಸಿ ದಣಿದು ಬಂದವನು, ಅಪರೂಪಕ್ಕೆ ನಗುವವನು. ನಕ್ಕ ರಭಸಕ್ಕೆ ಮಜ್ಜಿಗೆ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಸುನಿತಾ ಅವನ ಬೆನ್ನು ತಟ್ಟುತ್ತ ತಾನೂ ನಕ್ಕಳು. ಮಧುಶ್ರೀಗೂ ತಡೆಯಲಾಗಲಿಲ್ಲ. ಕರೆವ್ವ ಮಾತ್ರ ನಗದೆ ತಾಟಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ಮೈಲಾರಪ್ಪ ಅವಳ ತಾಟಿನಲ್ಲಿ ಹಿಂಡಿಯನ್ನು ಎಂದಿನಂತೆ ಬಲಗಡೆಗೇ ಇಟ್ಟ.

"ಅಜ್ಜಾ, ನೀ ಹೆಂಗ ಸಾರತಿದ್ದಿ ಆಗ?" ಎಂದು ಮಧುಶ್ರೀ ನಗುನಗುತ್ತಲೇ ಕೇಳಿಬಿಟ್ಟಳು.

ದುರ್ಗೇಶನ ನಗು ನಿಂತಿತು. "ಆ ಮಾತು ಈ ಮನ್ಯಾಗ ಬ್ಯಾಡ" ಎಂದು ಕೈ ತೊಳೆದುಕೊಂಡು ಎದ್ದ.

ಮೈಲಾರಪ್ಪ ನಲವತ್ತು ವರ್ಷ ಊರಿನ ಡಂಗುರ ಸಾರಿದವನು. ತೆರಿಗೆ ಕಟ್ಟುವ ದಿನ, ಕೆರೆಗೆ ನೀರು ಬಿಡುವ ದಿನ, ದನಕ್ಕೆ ಚುಚ್ಚಿಸುವ ದಿನ, ಏನೇ ಇದ್ದರೂ ಕೊರಳಿಗೆ ಹಲಗೆ ಹಾಕಿಕೊಂಡು, ಅದನ್ನು ಬಾರಿಸುತ್ತ ಹನ್ನೊಂದು ಓಣಿ ತಿರುಗಿ ಕೂಗಬೇಕು. ಅದು ಕೂಲಿಯಲ್ಲ, ಅವರ ಮನೆತನದ ಮೇಲೆ ಊರು ಹೊರಿಸಿದ ಬಿಟ್ಟಿ. ದುರ್ಗೇಶ ದೊಡ್ಡವನಾಗಿ, ಬುದ್ಧನ ದಾರಿ ಹಿಡಿದು, ತನ್ನ ಕೈಯಿಂದಲೇ ಈ ಮನೆ ಕಟ್ಟಿದ ದಿನ ಹಲಗೆಯನ್ನು ಗೂಟದಿಂದ ಇಳಿಸಿ ಅಟ್ಟಕ್ಕೆ ಹಾಕಿದ್ದ. ಗೂಟವಿದ್ದ ಗೋಡೆಯ ಮೇಲೆ ಈಗ ಬುದ್ಧನ ಪಟವಿದೆ. ಹಲಗೆಯ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

ಮರುದಿನ ಪರಮೇಶಪ್ಪ ಸರ್ ಹನ್ನೊಂದು ಹೆಸರಿನ ಪಟ್ಟಿ ನೋಡಿ ಬೈಯಲಿಲ್ಲ. "ಇಲ್ಲೀತನಕ ನೀ ಬರೇ ಮಾತಾಡೀದಿ. ಇನ್ನ ನಾಲ್ಕು ದಿನ ಬಾಯಿ ಮುಚ್ಚಿ ಕೇಳು. ಮನಿಯಿಂದನ ಸುರು ಮಾಡು. ಯಾರು ಯಾರಿಗೆ ಏನ್ ಹೇಳ್ತಾರ, ಹೆಂಗ ಹೇಳ್ತಾರ, ಬರಕೋ" ಎಂದರು. ಮಧ್ಯಾಹ್ನ ಅವಳು ಡಬ್ಬಿ ತಂದಿರಲಿಲ್ಲವೆಂದು ತಿಳಿದು ತಮ್ಮ ಡಬ್ಬಿಯ ಚಪಾತಿಯಲ್ಲಿ ಎರಡನ್ನು ಕಾಗದದಲ್ಲಿ ಸುತ್ತಿ ಮಾಹೀರಾಳ ಕೈಯಲ್ಲಿ ಕಳಿಸಿದರು.

ಮಧುಶ್ರೀ ನೋಟುಬುಕ್ಕು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತಳು. ಅವ್ವ ಅಪ್ಪನಿಗೆ: ಗ್ಯಾಸ್ ತೀರಾಕ ಬಂದೈತಿ, ಮೂರು ಸಲ. ಅಪ್ಪ ಅವ್ವನಿಗೆ: ಹೂಂ, ಮೂರು ಸಲ. ಆಯಿ ಅವ್ವನಿಗೆ: ಹಿಟ್ಟು ನೀಡು. ಅಜ್ಜ: ಕೆಮ್ಮು, ಹದಿನಾರು.

"ಅವ್ವಾ, ಅಜ್ಜ ಇವತ್ತ ಹದಿನಾರು ಸಲ ಕೆಮ್ಮಿದ."

"ಅಯ್ಯೋ ನನ ಶಿವನ. ಕಷಾಯಕ್ಕ ಇನ್ನೊಂದೀಟು ಮೆಣಸು ಹಾಕ್ತೇನಿ ತಡಿ."

ಬುಧವಾರ ಮಾಹೀರಾ ಸವಣೂರಿನ ಖಾರದ ಪೊಟ್ಟಣ ತೆಗೆದುಕೊಂಡು ಊಟಕ್ಕೆ ಬಂದಿದ್ದಳು. ಆ ದಿನ ಇಪ್ಪತ್ತು ಕೆಮ್ಮು. ಗುರುವಾರ ಮತ್ತೆ ಹದಿನಾರು. ಮಧುಶ್ರೀ ಎಲ್ಲವನ್ನೂ ಬರೆದುಕೊಂಡಳು. ಕಷಾಯ ಎರಡು ಹೊತ್ತು ಆಯಿತು. ಮೈಲಾರಪ್ಪ ಎರಡು ಹೊತ್ತೂ ಕುಡಿದ.

ಓಣಿಗಳಲ್ಲಿ ತಿರುಗಿ ಕೇಳಿದಾಗ ಅವಳಿಗೆ ಇನ್ನೊಂದು ಸಂಗತಿ ತಿಳಿಯಿತು. ಪೋಸ್ಟರಿನ ಮುಂದೆ ಯಾರೂ ನಿಲ್ಲುವುದಿಲ್ಲ. ಆದರೆ ಪಂಚಾಯ್ತಿಯ ಕಸದ ಗಾಡಿ ಬಂದರೆ ಸಾಕು, ಇಡೀ ಓಣಿ ಹೊರಗೆ ಬಂದು ನಿಲ್ಲುತ್ತದೆ. ಗಾಡಿ ಓಡಿಸುವವಳು ಚೌಡವ್ವ. ಮೈಕಿನಲ್ಲಿ ಒಂದೇ ಹಾಡು, ಎರಡು ವರ್ಷದಿಂದ.

"ಆ ಹಾಡು ಕೇಳಿ ಕೇಳಿ ನನಗ ನಿದ್ದ್ಯಾಗೂ ಕಸ ಕಾಣತೈತಿ. ಬ್ಯಾರೆ ಏನರ ಕೊಡವಾ, ಹಾಕ್ತೇನಿ. ಪಂಚಾಯ್ತ್ಯಾಗ ಒಂದು ಮಾತು ಕೇಳಿ ಬಾ" ಎಂದಳು ಚೌಡವ್ವ.

ಪಂಚಾಯ್ತಿಯವರು ಒಪ್ಪಿದರು. ಮಧುಶ್ರೀ ಮೊಬೈಲಿನಲ್ಲಿ ತನ್ನ ದನಿಯನ್ನೇ ಮುದ್ರಿಸಿ ಮಾಹೀರಾಳಿಗೆ ಕೇಳಿಸಿದಳು.

"ಬ್ಯಾಂಕಿನವರು ಫೋನ್ ಮಾಡಿದಂಗ ಐತಲ್ಲ" ಎಂದಳು ಮಾಹೀರಾ. "ಅರ್ಧಕ್ಕ ಕಟ್ ಮಾಡಬೇಕನಸ್ತೈತಿ."

"ಮತ್ಯಾರ ದನಿ ತರಲಿ?"

"ನಿನಗ ಗೊತ್ತೈತಿ ಯಾರದಂತ."

ಗೊತ್ತಿತ್ತು. ಅಪ್ಪ ಕೆಲಸಕ್ಕೆ ಹೋದ ಮೇಲೆ ಇಬ್ಬರೂ ಕಣಕ್ಕೆ ಹೋದರು. ಮೈಲಾರಪ್ಪ ಒಣಹಾಕಿದ ಗೋವಿನಜೋಳವನ್ನು ಕಾಲಿನಿಂದ ತಿರುವಿ ಹಾಕುತ್ತಿದ್ದ. ಮೊದಲು ಒಲ್ಲೆನೆಂದ. ಮಗನಿಗೆ ಗೊತ್ತಾದರೆ ನೊಂದುಕೊಳ್ಳುತ್ತಾನೆ ಎಂದ. ಆಮೇಲೆ ಮಧುಶ್ರೀಯ ಕೈಯಲ್ಲಿದ್ದ ಕಾಗದ ನೋಡಿ, ಅದರಲ್ಲಿ ಏನು ಬರೆದಿದೆ ಓದು ಎಂದ. ಓದಿದಾಗ ತಲೆಯಾಡಿಸಿದ.

"ನೇತ್ರ ಅಂದ್ರ ಯಾರು ಹೊರಳಿ ನೋಡ್ತಾರ? ಮೊದಲ ಯಾವಾಗ ಅಂತ ಹೇಳಬೇಕು. ಆಮ್ಯಾಲೆ ಎಲ್ಲಿ. ರೊಕ್ಕ ಇಲ್ಲ ಅನ್ನೂದನ್ನ ಎರಡು ಸಲ ಹೇಳಬೇಕು, ಒಂದು ಸಲ ಹೇಳಿದ್ರ ನಂಬಂಗಿಲ್ಲ. ಹಿಡಿ ಆ ಫೋನು."

ಗಂಟಲು ಸರಿಮಾಡಿಕೊಂಡ. ಎಂಬತ್ತರ ಹತ್ತಿರದ ಆ ದನಿ ಕಣ ದಾಟಿ ಕೆರೆಯ ದಂಡೆಗೆ ಮುಟ್ಟಿತು.

"ಕೇಳ್ರಪೋ ಕೇಳ್ರಿ! ಬರೂ ಆಯಿತವಾರ, ಮುಂಜಾನೆ ಒಂಬತ್ತಕ್ಕ, ದೊಡ್ಡ ಸಾಲ್ಯಾಗ ಕಣ್ಣಿನ ಡಾಕ್ಟರು ಬರ್ತಾರ. ರೊಕ್ಕ ಇಲ್ಲ! ಮಗ್ಗಲಾಗ ಕುಂತವರ ಮಾರಿ ಮಬ್ಬ ಕಂಡ್ರ ಬರ್ರಿ. ಸೂಜ್ಯಾಗ ದಾರ ಹೋಗವಲ್ದಂದ್ರ ಬರ್ರಿ. ಹಂಚಿನ ಮ್ಯಾಲಿನ ರೊಟ್ಟಿ ಬೆಂದಿದ್ದು ಕಾಣವಲ್ದಂದ್ರ ಬರ್ರಿ. ಶನಿವಾರದೊಳಗ ಹೆಸರು ಬರಸ್ರಿ. ರೊಕ್ಕ ಇಲ್ಲಪೋ, ಇಲ್ಲ!"

"ಅಜ್ಜಾರ, ನನ್ನ ಕಣ್ಣು ಚಲೋ ಅದಾವ. ಆದ್ರೂ ಬಂದು ಹೆಸರು ಬರಸ್ತೇನ್ರಿ" ಎಂದಳು ಮಾಹೀರಾ.

ಭಾನುವಾರ ಬೆಳಗ್ಗೆ ಚೌಡವ್ವನ ಗಾಡಿ ಆ ದನಿಯನ್ನು ಹೊತ್ತು ಹೊರಟಿತು. ಕಸದ ಬುಟ್ಟಿ ಹಿಡಿದು ಬಂದ ಮುದುಕರು ಬುಟ್ಟಿ ಮರೆತು ನಿಂತರು. "ಮೈಲಾರಪ್ಪನ ದನಿ ಅಲ್ಲೇನಿದು? ಎಷ್ಟು ವರ್ಷ ಆತೋ ಕೇಳಿ" ಎಂದರು. ಚೌಡವ್ವ ಪ್ರತಿ ಓಣಿಯಲ್ಲೂ ಗಾಡಿ ನಿಲ್ಲಿಸಿ, ಮಧುಶ್ರೀ ಕೊಟ್ಟ ಹಾಳೆಯಲ್ಲಿ ತಾನೇ ಹೆಸರು ಬರೆದುಕೊಂಡಳು. ಅದು ಅವಳ ಕೆಲಸವಲ್ಲ, ಯಾರೂ ಹೇಳಿಯೂ ಇರಲಿಲ್ಲ. ಸೋಮವಾರ ಸಂಜೆಗೆ ಎಂಬತ್ತಮೂರು ಹೆಸರಾಯಿತು.

ಆದರೆ ಸೋಮವಾರವೇ ಆ ದನಿ ದುರ್ಗೇಶನಿಗೂ ಕೇಳಿಸಿತು. ಅವನು ಬಸ್‌ ಸ್ಟ್ಯಾಂಡಿನ ಹತ್ತಿರ ಹೊಸ ಮನೆಯೊಂದರ ಸಾರವೆ ಮೇಲೆ ನಿಂತು ಗೋಡೆಗೆ ಪ್ಲಾಸ್ಟರ್ ಮಾಡುತ್ತಿದ್ದ. ಸಂಜೆ ಮನೆಗೆ ಬಂದವನು ಕೈಕಾಲು ತೊಳೆಯದೆ ಪಡಸಾಲೆಯಲ್ಲೇ ನಿಂತ.

"ಯಾರನ್ನ ಕೇಳಿ ಮಾಡಿದ್ರಿ ಇದನ್ನ?"

"ನಾ ಕೇಳಿಕೊಂಡೆ ಅಪ್ಪಾ. ಅಜ್ಜಂದು ತಪ್ಪಿಲ್ಲ" ಎಂದಳು ಮಧುಶ್ರೀ.

"ಓದಿಸಿದ್ದು ಇದಕ್ಕೇನು? ಮತ್ತ ಊರ ಮುಂದ ಕೂಗಾಕ ಹಚ್ಚಾಕ?"

"ಒಳ್ಳೇ ಕೆಲಸಕ್ಕ ಕೂಗ್ಯಾರ. ಇದರಾಗ ಏನ್ ಸಣ್ಣತನ ಐತ್ರಿ?" ಎಂದು ಸುನಿತಾ ನಡುವೆ ಬಂದಳು.

"ನಿನಗ ಗೊತ್ತಿಲ್ಲ, ಸುಮ್ಮನಿರು. ನಾ ಐದನೇತ್ತೆ ಇದ್ದೆ. ಸರ್ಕಾರದಿಂದ ಮನಿ ಬಂದಾವು, ಸೋಮವಾರ ಚಾವಡಿಗೆ ಬಂದು ಹೆಸರು ಬರಸ್ರಿ ಅಂತ ನಮ್ಮಪ್ಪ ಊರ ತುಂಬ ಸಾರಿದ. ಹನ್ನೊಂದು ಓಣಿ! ದಣದು ಬಂದು ಉಂಡು ಮಲಗಿದ. ನಮ್ಮ ಕೇರ್ಯಾಗ ಒಬ್ಬರಿಗೂ ಹೇಳಲಿಲ್ಲ. ಸೋಮವಾರ ಎಲ್ಲಾರೂ ಕೂಲಿಗೆ ಹೋದ್ರು. ಊರಿಗೆ ಮನಿ ಬಂದುವು, ಕೇರಿಗೆ ಬರಲಿಲ್ಲ. ಆರು ವರ್ಷ ಸೋರೂ ಗುಡಿಸಲದಾಗ ಬೋಗುಣಿ ಇಟಗೊಂಡು ಮಲಗೀವಿ."

ಮೈಲಾರಪ್ಪ ಮಣೆಯಿಂದ ಏಳಲಿಲ್ಲ. "ಕೇರ್ಯಾಗ ಸಾರು ಅಂತ ಯಾರೂ ಹೇಳಿರಲಿಲ್ಲೋ ತಮ್ಮಾ" ಎಂದ ಮೆಲ್ಲಗೆ. ಮತ್ತೆ, "ಬ್ಯಾಡ ಅಂತನೂ ಯಾರೂ ಹೇಳಿರಲಿಲ್ಲ. ನನಗ ಹೊಳೀಲಿಲ್ಲ" ಎಂದ.

ಮರುದಿನ ಬೆಳಗ್ಗೆ ಬೇಗನೇ ಎದ್ದು, ತಂಗಿಯನ್ನು ಮಾತಾಡಿಸಿಕೊಂಡು ಬರುತ್ತೇನೆಂದು ಹಿರೇಕೆರೂರಿನ ಬಸ್ಸು ಹತ್ತಿದ. ತಂಗಿಯ ಮನೆ ಅಬಲೂರಿನಲ್ಲಿ.

ಆ ದಿನ ರೊಟ್ಟಿಗಳೆಲ್ಲ ಒಂದು ಮಗ್ಗುಲು ಕರ್ರಗಾದವು.

"ಕಟಗಿ ಹಸೀವು. ಉರಿ ಹಿಡಿತಕ್ಕ ಬರವಲ್ದು" ಎಂದಳು ಕರೆವ್ವ. ದುರ್ಗೇಶ ಕರಿಕನ್ನು ಉಗುರಿನಿಂದ ಕೆರೆದು ತೆಗೆದು ರೊಟ್ಟಿ ತಿಂದ. ಬುಧವಾರವೂ ಹಾಗೇ ಆಯಿತು. ಕೆಲವು ಸುಟ್ಟಿದ್ದವು, ಕೆಲವು ಹಸಿಯಾಗಿದ್ದವು.

"ಗಂಡನ್ನ ಕಳಿಸಿದ ಸಿಟ್ಟು ರೊಟ್ಟಿ ಮ್ಯಾಲೆ" ಎಂದು ಸುನಿತಾ ಪಿಸುಗುಟ್ಟಿದಳು. ಕೂಡಲೇ ಪಾಪವೆನಿಸಿ ಅತ್ತೆಯ ತಲೆಗೆ ಹಚ್ಚಲು ಎಣ್ಣೆ ಬಿಸಿಗಿಟ್ಟಳು.

ಗುರುವಾರ ಕಾಲೇಜಿಗೆ ರಜೆ. ಮಧುಶ್ರೀ ನೋಟುಬುಕ್ಕು ಹಿಡಿದು ಅಜ್ಜನ ಮಣೆಯ ಮೇಲೆ ಕೂತಳು. ಹೆಸರು ಎಂಬತ್ತಮೂರಕ್ಕೇ ನಿಂತಿದ್ದವು, ಎರಡೇ ದಿನ ಉಳಿದಿದ್ದವು. ಹಿಂದಿನ ಹಾಳೆಗಳನ್ನು ತಿರುವಿದಳು. ಮಂಗಳವಾರ ಕೆಮ್ಮು ಹದಿನಾರು. ಮಾಹೀರಾ ಬಂದ ದಿನ ಇಪ್ಪತ್ತು. ಗುರುವಾರ ಹದಿನಾರು. ತಲೆ ಎತ್ತಿ ನೋಡಿದಳು. ಆಯಿ ರೊಟ್ಟಿಯನ್ನು ಹಂಚಿಗೆ ಹಾಕಿ, ಬಟ್ಟೆಯಿಂದ ನೀರು ಸವರಿದಳು. ಕೈಯನ್ನು ಹಂಚಿನ ಅಂಚಿಗೆ ತಂದು ಹಿಡಿದಳು. ಹಾಗೇ ಕಾದಳು. ರೊಟ್ಟಿಯನ್ನು ನೋಡುತ್ತಿರಲಿಲ್ಲ. ಅವಳ ಕಿವಿ ಮಣೆಯ ಕಡೆಗಿತ್ತು.

ರೊಟ್ಟಿಯ ಅಂಚು ಒಣಗಿತು. ಮಧುಶ್ರೀ ಗಂಟಲಲ್ಲಿ "ಖ್ಹು" ಎಂದಳು.

ಕರೆವ್ವನ ಕೈ ಥಟ್ಟನೆ ರೊಟ್ಟಿಯನ್ನು ತಿರುವಿತು.

ಇನ್ನೊಂದು ರೊಟ್ಟಿ. ನೀರು, ಅಂಚು, ಕೈ. "ಖ್ಹು." ಮತ್ತೆ ತಿರುವಿತು. ಮೂರನೆಯದಕ್ಕೆ ಕರೆವ್ವ ಕೈ ಹಿಂದೆ ತೆಗೆದುಕೊಂಡಳು. ಅವಳ ಸುಕ್ಕು ಮುಖದಲ್ಲಿ ನಗುವೂ ಅಳುವೂ ಒಟ್ಟಿಗೇ ಬಂದವು.

"ನೀನೂ ಕಲತೇನವಾ?"

"ಆಯೀ... ಯಾವಾಗಿಂದ?"

"ಹೋದ ಮಳಿಗಾಲದಿಂದ. ಮೊದಲ ಒಂದು ಕಣ್ಣು. ಈಗ ಎರಡೂ ಹೊಗಿ ತುಂಬಿದಂಗ. ನಿಮ್ಮಜ್ಜಗ ಆಣಿ ಹಾಕ್ಸೀನಿ, ಯಾರಿಗೂ ಹೇಳಬ್ಯಾಡ್ರಿ ಅಂತ."

"ಯಾಕ?"

"ಹೇಳಿದ್ರ ನಿಮ್ಮವ್ವ ನನ್ನ ಎತ್ತಿ ಮೂಲ್ಯಾಗ ಕುಂದ್ರಸ್ತಾಳ. ನೀ ಕುಂತು ಉಣ್ಣಬೇ ಅಂತಾಳ, ಬಾಳ ಅಂತಃಕರಣದಾಕಿ. ರೊಟ್ಟಿ ಬಡಿಲಿಲ್ಲಂದ್ರ ನಾ ಏನ್ ಮಾಡ್ಲಿ ಈ ಮನ್ಯಾಗ?"

"ಊರೆಲ್ಲ ಹೆಸರು ಬರಿಯಾಕತ್ತೇನಿ ಆಯೀ. ನೀ ಯಾಕ ಬರಸಲಿಲ್ಲ?"

"ನನ್ನ ಕೇಳಿದೇನು ನೀ?"

"ಗಾಡ್ಯಾಗ ಕೂಗಿತ್ತಲ್ಲ?" ಎಂದಳು ಮಧುಶ್ರೀ.

"ನಮ್ಮ ಕೇರ್ಯಾಗ ಗಾಡಿ ಎಲ್ಲಿ ಬರತೈತೆ? ದಾರಿ ಇಕ್ಕಟ್ಟು. ಬಾವಿ ಹತ್ರ ತಿರಿಗಿ ಹೋಗತೈತಿ."

ಮಧುಶ್ರೀ ಓಡಿಹೋಗಿ ಹೆಸರಿನ ಪಟ್ಟಿ ತಂದಳು. ಬೆರಳಿಟ್ಟು ಒಂದೊಂದೇ ಹೆಸರು ನೋಡಿದಳು. ಪೇಟೆ ಓಣಿ ಇತ್ತು, ಕುಂಬಾರ ಓಣಿ ಇತ್ತು, ಮಸೂತಿ ಓಣಿ ಇತ್ತು. ನಲವತ್ತು ಮನೆಯ ತನ್ನ ಕೇರಿಯ ಹೆಸರು ಒಂದೂ ಇರಲಿಲ್ಲ.

ಅಪ್ಪ ಅಂಗಳದಲ್ಲಿ ಕರಣೆ ತೊಳೆದು ಕೆಲಸಕ್ಕೆ ಹೊರಡುತ್ತಿದ್ದ. ಅವನ ಮುಂದೆ ಪಟ್ಟಿ ಹಿಡಿದಳು.

"ಅಪ್ಪಾ, ಅಜ್ಜ ಮಾಡಿದ ತಪ್ಪ ನಾನೂ ಮಾಡೇನಿ. ಊರ ತುಂಬ ಹೇಳೇನಿ. ಕೇರಿಗೆ ಹೇಳಿಲ್ಲ. ಮನ್ಯಾಗ ಆಯಿಗೂ ಹೇಳಿಲ್ಲ." ಒಲೆಯ ಮುಂದಿನ ಸಂಗತಿಯನ್ನೂ ಹೇಳಿದಳು. ಕೆಮ್ಮಿನ ಲೆಕ್ಕ ತೋರಿಸಿದಳು.

ಬಾಗಿಲಲ್ಲಿ ನಿಂತಿದ್ದ ಸುನಿತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹಂಗಾರ ಮಾವಗ ಕೆಮ್ಮ ಇರಲೇ ಇಲ್ಲೇನು? ಅಷ್ಟು ಕಷಾಯ ಕುಡದ್ರಲ್ಲೇ!"

ದುರ್ಗೇಶ ಪಟ್ಟಿಯನ್ನು ಎರಡು ಸಲ ನೋಡಿದ. ಒಳಗೆ ಹೋಗಿ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣುಗಳನ್ನು ನೋಡಿದ. ಕರಣೆಯನ್ನು ಅಲ್ಲೇ ಬಿಟ್ಟು ಬೈಕು ಹತ್ತಿದ.

ಅಬಲೂರಿನಲ್ಲಿ ಮೈಲಾರಪ್ಪ ತಂಗಿಯ ಮನೆಯ ಕಟ್ಟೆಯ ಮೇಲೆ ಹತ್ತಿಕಟಗಿಯ ಹೊರೆ ಕಟ್ಟುತ್ತ ಕೂತಿದ್ದ. ಮಗನನ್ನು ನೋಡಿ ಗಾಬರಿಯಾಗಿ ಎದ್ದ.

"ಏನಾತೋ?"

"ಮನ್ಯಾಗ ಕೆಮ್ಮೋರು ಯಾರೂ ಇಲ್ಲ. ನಡಿ" ಎಂದ ದುರ್ಗೇಶ.

ಮುದುಕ ಕಟ್ಟೆ ಇಳಿದು ಚಪ್ಪಲಿ ಮೆಟ್ಟಿಕೊಂಡ. ಅವನ ತಂಗಿ ಇಬ್ಬರನ್ನೂ ಊಟ ಮಾಡಿಸದೆ ಬಿಡಲಿಲ್ಲ.

ಊರಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಕೂಲಿಗೆ ಹೋದವರು ತಿರುಗಿ ಬಂದಿದ್ದರು. ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ದುರ್ಗೇಶ ಮನೆಯ ಮುಂದೆ ಬೈಕು ನಿಲ್ಲಿಸಿ, "ಇಳಿ. ಕೇರ್ಯಾಗ ಸಾರಬೇಕು" ಎಂದ.

ಮೈಲಾರಪ್ಪನ ಕಣ್ಣು ತಾನಾಗಿ ಅಟ್ಟದ ಕಡೆ ಹೋಯಿತು. "ಹಲಗಿ..." ಎಂದ.

"ಹಲಗಿ ಬ್ಯಾಡ. ಇವತ್ತ ನೀ ಯಾರ ಆಳೂ ಅಲ್ಲ. ದನಿ ಸಾಕು."

ಮುದುಕ ತಲೆಯ ಪಟಗವನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಬಾವಿಯ ಹತ್ತಿರ ಹೋಗಿ ನಿಂತ. ಹುಟ್ಟಿದಂದಿನಿಂದ ಬದುಕಿದ ಕೇರಿ. ನಲವತ್ತು ವರ್ಷ ಊರಿಗೆಲ್ಲ ಕೂಗಿದವನ ದನಿ ಇಲ್ಲಿ ಏಳಲು ಮೊದಲಿಗೆ ಅಳುಕಿತು. ಕರೆವ್ವ ಬಾಗಿಲ ಚೌಕಟ್ಟು ಹಿಡಿದು ನಿಂತವಳು, ಎಲ್ಲರಿಗೂ ಕೇಳುವ ಹಾಗೆ "ಖ್ಹು" ಎಂದಳು.

"ಕೇಳ್ರಪೋ ಕೇಳ್ರಿ!"

ರೊಟ್ಟಿಯ ಸಪ್ಪಳ ನಿಂತಿತು. ಹಿಟ್ಟಿನ ಕೈಯ ಹೆಂಗಸರು, ಅರ್ಧ ಉಂಡವರು, ಎಲ್ಲರೂ ಹೊರಗೆ ಬಂದರು.

"ಏ ಮೈಲಾರಪ್ಪ ಕಾಕಾ, ದಾರಿ ತಪ್ಪಿತೇನು? ಗೌಡ್ರ ಓಣಿ ಆ ಕಡೆ ಐತಿ!" ಎಂದು ಎದುರು ಮನೆಯ ಗುದ್ಲೆಪ್ಪ ಕೂಗಿದ. ಕೇರಿಯೆಲ್ಲ ನಕ್ಕಿತು.

"ಇಲ್ಲೋ ಗುದ್ಲೆಪ್ಪಾ. ನಲವತ್ತು ವರ್ಷ ತಪ್ಪಿತ್ತು. ಇವತ್ತ ಸಿಕ್ಕೈತಿ. ಬಾಯಿ ಮುಚ್ಚಿ ಕೇಳು. ಬರೂ ಆಯಿತವಾರ..."

ಪೂರ್ತಿ ಸಾರಿದ. ರೊಕ್ಕ ಇಲ್ಲವೆಂಬುದನ್ನು ಮೂರು ಸಲ ಹೇಳಿದ. ದುರ್ಗೇಶ ಪಟ್ಟಿಯನ್ನು ತಾನೇ ಹಿಡಿದು ಒಂದೊಂದೇ ಬಾಗಿಲಿಗೆ ಹೋದ. "ಅತ್ತೀ, ನಿಮಗ ಸಂಜೀಕ ಕಾಣತೈತೇನ್ರಿ? ಖರೇ ಹೇಳ್ರಿ, ಈ ಸಲ ತಪ್ಪಸಂಗಿಲ್ಲ" ಎಂದು ಅವನು ಕೇಳುತ್ತಿದ್ದ ಬಗೆಯನ್ನು ಮಧುಶ್ರೀ ಹಿಂದೆ ನಿಂತು ನೋಡಿದಳು. ಅವಳ ಪಾಠದ ಪುಸ್ತಕದಲ್ಲಿ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಮೊದಲ ಹೆಸರು ಕರೆವ್ವನದೇ ಬರೆಯಬೇಕಾಗಿತ್ತು, ಅವಳು ಒಪ್ಪಲಿಲ್ಲ.

"ನಾ ದವಾಖಾನಿಗೆ ಹೋದ್ರ ರೊಟ್ಟಿ ಯಾರು ಬಡೀತಾರ?"

"ನಾ ಬಡೀತೇನಿ" ಎಂದ ದುರ್ಗೇಶ.

"ನೀ? ಗ್ವಾಡಿಗೆ ಬಡದಂಗಲ್ಲೋ ಅದು!"

ಮತ್ತೆ ನಗು. ನಗುವಿನ ನಡುವೆಯೇ ಸುನಿತಾ ಅತ್ತೆಯ ಹೆಬ್ಬೆರಳು ಹಿಡಿದು ಪಟ್ಟಿಯ ಮೇಲೆ ಒತ್ತಿಸಿಬಿಟ್ಟಳು. ಶನಿವಾರ ಮಧುಶ್ರೀ ಟ್ರಸ್ಟಿಗೆ ಕಳಿಸಿದ ಪಟ್ಟಿಯಲ್ಲಿ ನೂರಾ ಇಪ್ಪತ್ತೆರಡು ಹೆಸರಿದ್ದವು.

ಭಾನುವಾರ ಡಾಕ್ಟರ ಗಾಡಿ ತಿಳವಳ್ಳಿಗೇ ಬಂತು. ಸುನಿತಾ ಮತ್ತು ಅವಳ ಜೊತೆಯವರು ಎಲ್ಲರಿಗೂ ಉಪ್ಪಿಟ್ಟು ಮಾಡಿದರು. ಸಾಲಿನಲ್ಲಿ ನಿಂತವರಿಗೆ ಬಿಸಿಲು ತಾಗದಿರಲೆಂದು ಚೌಡವ್ವ ತನ್ನ ಗಾಡಿಯ ತಾಡಪತ್ರಿ ತೊಳೆದು ತಂದು ಕಟ್ಟಿದಳು. ಪರಮೇಶಪ್ಪ ಸರ್ ಬಂದು ಒಂದು ಮೂಲೆಯಲ್ಲಿ ಕೂತು, ಓದಲು ಬಾರದವರ ಚೀಟಿಗಳನ್ನು ಮಧ್ಯಾಹ್ನದವರೆಗೆ ಓದಿ ಹೇಳಿದರು.

"ಏನ್ ಕಲತೀ?" ಎಂದು ಹೋಗುವಾಗ ಕೇಳಿದರು.

"ಮೊದಲ ಮನೀಗೆ ಹೇಳಬೇಕು ಸರ್."

"ಅದನ್ನ ವರದ್ಯಾಗ ಬರಿ" ಎಂದರು. ಕೊಂಚ ದೂರ ಹೋದವರು ತಿರುಗಿ ನಿಂತು, "ಕೆಮ್ಮಿನ ಲೆಕ್ಕನೂ ಬರಿ" ಎಂದರು.

ಕರೆವ್ವನ ಎರಡೂ ಕಣ್ಣಲ್ಲಿ ಪೊರೆ. ಮೊದಲು ಒಂದಕ್ಕೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಒಂದು ತಿಂಗಳು ಒಲೆಯ ಹತ್ತಿರ ಹೋಗುವ ಹಾಗಿಲ್ಲ. ಆ ತಿಂಗಳು ಸುನಿತಾ ರೊಟ್ಟಿ ಬಡಿದಳು. ಭಾನುವಾರ ಅವಳಿಗೆ ಬಿಡುವು ಕೊಟ್ಟು ದುರ್ಗೇಶ ಬಡಿದ. ಅವನ ರೊಟ್ಟಿ ಗೋಡೆಗೆ ಪ್ಲಾಸ್ಟರ್ ಮಾಡಿದಂತೆ ದಪ್ಪಗೆ ಚೌಕನಾಗಿ ಬಂತು. "ಮೂಲಿ ಮಟ್ಟ ಬಾಳ ಚಲೋ ಐತಿ" ಎಂದು ಮೈಲಾರಪ್ಪ ಎರಡು ತಿಂದ. ಕಷಾಯದ ವಿಚಾರವನ್ನೂ ಸುನಿತಾ ಅವನನ್ನು ಕೇಳದೆ ಬಿಡಲಿಲ್ಲ.

"ಕೆಮ್ಮ ಇರಲಾರದ ಆ ಕಹಿ ಯಾಕ ಕುಡದ್ರಿ ಮಾವಾ?"

"ಅಷ್ಟು ಕಾಳಜಿಲೆ ಮಾಡಿ ತರತಿದ್ದೀಯಲ್ಲವಾ. ಹೆಂಗ ಒಲ್ಲೆ ಅನ್ಲಿ?"

ಸುನಿತಾ ಒಳಗೆ ಹೋಗಿ, ಅವನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿಕೊಂಡು ಬಂದಳು.

ತಿಂಗಳು ತುಂಬಿದ ಬೆಳಗ್ಗೆ ಕರೆವ್ವ ಹೊಸ ಕನ್ನಡಕ ಹಾಕಿಕೊಂಡು ಒಲೆಯ ಮುಂದೆ ಕೂತಳು. ಮನೆಯವರೆಲ್ಲ ಒಂದೊಂದು ನೆಪ ಮಾಡಿಕೊಂಡು ಅಡುಗೆಮನೆಗೆ ಬಂದಿದ್ದರು. ಕರೆವ್ವ ಮೊದಲು ಸೊಸೆಯನ್ನು ನೋಡಿದಳು. "ನಿನಗ ಇಷ್ಟು ಬಿಳಿಗೂದಲ ಯಾವಾಗ ಬಂದುವೆ?" ಎಂದಳು. ಮೊಮ್ಮಗಳ ಗಲ್ಲ ಹಿಡಿದು, "ಮೊಡವಿ" ಎಂದಳು. ಆಮೇಲೆ ರೊಟ್ಟಿ ಬಡಿದು ಹಂಚಿಗೆ ಹಾಕಿದಳು.

ನೀರು ಸವರಿದಳು. ರೊಟ್ಟಿಯ ಅಂಚು ಒಣಗುವುದನ್ನು, ನಡುವೆ ಸಣ್ಣ ಗುಳ್ಳೆ ಏಳುವುದನ್ನು ಕನ್ನಡಕದೊಳಗಿಂದ ನೋಡಿದಳು. ಕೈ ಹಂಚಿನ ಅಂಚಿಗೆ ಬಂದು ನಿಂತಿತು. ತಿರುವಲಿಲ್ಲ.

ಮಣೆಯ ಮೇಲೆ ಮೈಲಾರಪ್ಪ ಚಹಾದ ಬಟ್ಟಲು ಹಿಡಿದು ಸುಮ್ಮನೆ ಕೂತಿದ್ದ. ಇನ್ನು ತನ್ನ ಕೆಲಸವಿಲ್ಲವೆಂದು ಬಾಯಿ ಬಿಗಿಹಿಡಿದಿದ್ದ.

"ಕೆಮ್ಮರಿ" ಎಂದಳು ಕರೆವ್ವ.

"ಈಗ ಕಾಣತೈತಲ್ಲ ನಿನಗ?"

"ಕಾಣತೈತಿ. ನೀವು ಕೆಮ್ಮರಿ. ರೊಟ್ಟಿ ಹೊತ್ತತೈತಿ."

ಮೈಲಾರಪ್ಪ ಬಟ್ಟಲನ್ನು ಕೆಳಗಿಟ್ಟ. ಊರಿಗೆ ಸಾರುವ ಮೊದಲು ಮಾಡುತ್ತಿದ್ದಂತೆ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಒಮ್ಮೆ "ಖ್ಹು" ಎಂದ.

ಕರೆವ್ವ ರೊಟ್ಟಿ ತಿರುವಿದಳು.